ಉತ್ತರ ಬೇರೆ, ಸಮಯ ಬೇರೆ: ಸಿಮ್ಯುಲೇಟರ್‌ನಲ್ಲಿ ಫ್ಲೋಟಿಂಗ್ ಪಾಯಿಂಟ್ ಘಟಕ ಕಟ್ಟುವ ಬಗೆ

ಪ್ರೊಸೆಸರ್ ಸಿಮ್ಯುಲೇಟರ್ ಬರೆಯಲು ಕೂತವರಿಗೆ ಫ್ಲೋಟಿಂಗ್ ಪಾಯಿಂಟ್ ಕೂಡುವ ಇನ್‌ಸ್ಟ್ರಕ್ಷನ್ ಒಂದು ಸಾಲಿನ ಕೆಲಸದಂತೆ ಕಾಣುತ್ತದೆ. ಎರಡು ರಿಜಿಸ್ಟರ್‌ಗಳಲ್ಲಿ ಇರುವುದನ್ನು ಸಿ ಭಾಷೆಯ ಫ್ಲೋಟ್ ಎಂದು ಓದಿಕೊಂಡು, ಕೂಡಿಸಿ, ಮೂರನೆಯದಕ್ಕೆ ಬರೆದರೆ ಆಯಿತು. ಪ್ರೋಗ್ರಾಂ ಓಡುತ್ತದೆ, ಉತ್ತರವೂ ಬರುತ್ತದೆ, ಬಹಳ ಕಾಲ ಯಾರಿಗೂ ಅನುಮಾನ ಹುಟ್ಟುವುದಿಲ್ಲ. ಅದೇ ಸಿಮ್ಯುಲೇಟರನ್ನು ಬೇರೆ ಜಾತಿಯ ಕಂಪ್ಯೂಟರಿನಲ್ಲಿ ಕಂಪೈಲ್ ಮಾಡಿ ಓಡಿಸಿದಾಗ ಮಾತ್ರ ಕೊನೆಯ ಬಿಟ್ ಬದಲಾಗಿರುತ್ತದೆ, ಅಥವಾ ಎಲ್ಲೋ ಒಂದು ಕಡೆ ಧನ ಚಿಹ್ನೆ ಇರಬೇಕಾದಲ್ಲಿ ಋಣ ಚಿಹ್ನೆ ಬಂದು ಕೂತಿರುತ್ತದೆ. ಆಗ ತಪ್ಪು ಪ್ರೋಗ್ರಾಂನದೋ, ಕಂಪೈಲರ್‌ನದೋ, ಸಿಮ್ಯುಲೇಟರ್‌ನದೋ ಎಂದು ಹುಡುಕುವುದರಲ್ಲೇ ವಾರಗಳು ಕಳೆಯುತ್ತವೆ.

ಫ್ಲೋಟಿಂಗ್ ಪಾಯಿಂಟ್ ಘಟಕವನ್ನು ಸಿಮ್ಯುಲೇಟರ್‌ನಲ್ಲಿ ಕಟ್ಟುವುದೆಂದರೆ ವಾಸ್ತವವಾಗಿ ಎರಡು ಕೆಲಸ. ಉತ್ತರ ಏನು ಎಂಬುದು ಒಂದು. ಆ ಉತ್ತರ ಎಷ್ಟು ಸೈಕಲ್ ಕಳೆದ ಮೇಲೆ ಸಿಗುತ್ತದೆ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ‘ಹೆಚ್ಚುಕಡಿಮೆ ಸರಿ’ ಎಂಬ ಮಾತೇ ಇಲ್ಲ. 32 ಬಿಟ್ಟಿಗೆ 32 ಬಿಟ್ಟೂ ಹೊಂದಬೇಕು, ಜೊತೆಯ ಫ್ಲ್ಯಾಗ್‌ಗಳೂ ಹೊಂದಬೇಕು. ಎರಡನೆಯದರಲ್ಲಿ ಅಂದಾಜು ಇದ್ದೇ ಇರುತ್ತದೆ, ಆದರೆ ಅದು ಅಳತೆ ಮಾಡಿ ಪಡೆದ ಅಂದಾಜಾಗಿರಬೇಕು. ಈ ಎರಡನ್ನೂ ಒಂದೇ ಫಂಕ್ಷನ್ ಒಳಗೆ ತುರುಕಿದರೆ ಎರಡೂ ಕೆಡುತ್ತವೆ. ಇಡೀ ವಿಷಯದಲ್ಲಿ ಒಂದೇ ಒಂದು ಸಲಹೆ ಕೊಡಬೇಕೆಂದರೆ ನಾನು ಕೊಡುವುದು ಇದನ್ನೇ: ಎರಡಕ್ಕೂ ಬೇರೆ ಫೈಲ್, ಬೇರೆ ಪರೀಕ್ಷೆ, ಬೇರೆ ನಂಬಿಕೆ ಇರಲಿ.

ಉದಾಹರಣೆಗಳಿಗೆ ರಿಸ್ಕ್-ಫೈವ್ ಪ್ರೊಸೆಸರನ್ನೇ ತೆಗೆದುಕೊಳ್ಳುತ್ತೇನೆ. ಅದರ ನಿಯಮಪುಸ್ತಕ ಯಾರು ಬೇಕಾದರೂ ಇಳಿಸಿಕೊಂಡು ಓದಬಹುದಾದದ್ದು. ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್‌ಗಳೂ ಸಿ-ಡಾಕ್‌ನ ವೇಗಾ ಪ್ರೊಸೆಸರ್‌ಗಳೂ ಅದನ್ನೇ ಆಧರಿಸಿವೆ. ಸಿಮ್ಯುಲೇಟರ್ ಓಡುವ ಯಂತ್ರವನ್ನು ಹೋಸ್ಟ್ ಎಂದೂ ಅದು ಅನುಕರಿಸುವ ಪ್ರೊಸೆಸರನ್ನು ಟಾರ್ಗೆಟ್ ಎಂದೂ ಕರೆಯೋಣ. ನಿಮ್ಮ ಮೇಜಿನ ಮೇಲಿರುವ ಇಂಟೆಲ್ ಅಥವಾ ಎಎಂಡಿ ಲ್ಯಾಪ್‌ಟಾಪ್ ಹೋಸ್ಟ್, ಇನ್ನೂ ತಯಾರಾಗದ ರಿಸ್ಕ್-ಫೈವ್ ಚಿಪ್ ಟಾರ್ಗೆಟ್.

ಒಂದೇ ಮಾನಕ, ಮೂರು ಉತ್ತರ

‘ಎಲ್ಲ ಪ್ರೊಸೆಸರ್‌ಗಳೂ ಐಇಇಇ 754 ಪಾಲಿಸುತ್ತವಲ್ಲ, ಹಾಗಾದರೆ ಹೋಸ್ಟ್ ಕೊಟ್ಟ ಉತ್ತರವೇ ಟಾರ್ಗೆಟ್‌ನ ಉತ್ತರವೂ ಹೌದು’ ಎಂಬ ವಾದ ಕೇಳಲು ಚೆನ್ನಾಗಿದೆ. 1985ರಲ್ಲಿ ಬಂದ ಈ ಮಾನಕ ದೊಡ್ಡ ಉಪಕಾರ ಮಾಡಿತು. ಅದಕ್ಕೆ ಮೊದಲು ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ಬಗೆಯ ಅಂಕಗಣಿತವಿತ್ತು. ಅದರ ಹಿಂದೆ ದುಡಿದ ಬರ್ಕ್ಲಿಯ ವಿಲಿಯಂ ಕಹಾನ್ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಬಂತು. 2008 ಮತ್ತು 2019ರಲ್ಲಿ ಮಾನಕ ಪರಿಷ್ಕಾರಗೊಂಡಿತು. ಸಾಮಾನ್ಯ ಸಂಖ್ಯೆಗಳ ಕೂಡು, ಕಳೆ, ಗುಣಿಸು, ಭಾಗಿಸು, ವರ್ಗಮೂಲ ಇವೆಲ್ಲ ಎಲ್ಲೆಡೆ ಒಂದೇ. ಆದರೆ ಅಂಚಿನ ಕೆಲವು ತೀರ್ಮಾನಗಳನ್ನು ಮಾನಕ ಪ್ರೊಸೆಸರ್ ಮಾಡುವವರಿಗೇ ಬಿಟ್ಟುಕೊಟ್ಟಿದೆ. ಸಿಮ್ಯುಲೇಟರ್ ಎಡವುವುದು ಆ ಅಂಚಿನಲ್ಲೇ.

ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ. ‘ಇದು ಸಂಖ್ಯೆಯೇ ಅಲ್ಲ’ ಎಂದು ಹೇಳುವ ನ್ಯಾನ್ ಬರುತ್ತದೆ. ಇಂಟೆಲ್ ಮತ್ತು ಎಎಂಡಿ ಯಂತ್ರಗಳು ಕೊಡುವ ನ್ಯಾನ್‌ಗೆ ಚಿಹ್ನೆಯ ಬಿಟ್ 1, ಅಂದರೆ ಋಣ. ರಿಸ್ಕ್-ಫೈವ್‌ನಲ್ಲೂ ಆರ್ಮ್‌ನಲ್ಲೂ ಅದು 0. ಹಾಗಾಗಿ ಹೋಸ್ಟ್‌ನ ಭಾಗಾಕಾರವನ್ನೇ ನಂಬಿದ ರಿಸ್ಕ್-ಫೈವ್ ಸಿಮ್ಯುಲೇಟರ್‌ನಲ್ಲಿ ಪ್ರಿಂಟ್ ಮಾಡಿದರೆ ನ್ಯಾನ್ ಪದಕ್ಕೆ ಮುಂಚೆ ಒಂದು ಮೈನಸ್ ಕಾಣಿಸುತ್ತದೆ. ಇನ್ನೂ ಒಂದು ವ್ಯತ್ಯಾಸವುಂಟು. ಇಂಟೆಲ್ ಯಂತ್ರ ಒಳಬಂದ ನ್ಯಾನ್‌ನ ಬಿಟ್‌ಗಳನ್ನು ಉತ್ತರಕ್ಕೂ ದಾಟಿಸುತ್ತದೆ. ರಿಸ್ಕ್-ಫೈವ್ ಅದನ್ನು ಎಸೆದು, ನಿಗದಿಯಾದ ಒಂದೇ ನ್ಯಾನ್ ಕೊಡುತ್ತದೆ.

ಇದಕ್ಕಿಂತ ಅಪಾಯಕಾರಿಯಾದದ್ದು ಪೂರ್ಣಾಂಕಕ್ಕೆ ಬದಲಾಯಿಸುವ ಇನ್‌ಸ್ಟ್ರಕ್ಷನ್. ನ್ಯಾನ್ ಅನ್ನು 32 ಬಿಟ್‌ನ ಚಿಹ್ನೆಯುಳ್ಳ ಪೂರ್ಣಾಂಕ ಮಾಡಿ ಎಂದರೆ ರಿಸ್ಕ್-ಫೈವ್ 2147483647 ಕೊಡುತ್ತದೆ, ಇಂಟೆಲ್ −2147483648 ಕೊಡುತ್ತದೆ, ಆರ್ಮ್ 0 ಕೊಡುತ್ತದೆ. ಸಿ ಭಾಷೆಯಲ್ಲಂತೂ ಇದರ ಅರ್ಥವನ್ನೇ ಹೇಳಿಲ್ಲ, ಕಂಪೈಲರ್ ಏನು ಬೇಕಾದರೂ ಮಾಡಬಹುದು. ಇಂಥ ಕಡೆ ಹೋಸ್ಟ್‌ನ ಪರಿವರ್ತನೆಯನ್ನು ನೇರವಾಗಿ ಬಳಸುವುದು ಸಲ್ಲದು. ಗಡಿಗಳನ್ನು ಮೊದಲು ನೀವೇ ಪರೀಕ್ಷಿಸಿ, ಟಾರ್ಗೆಟ್‌ನ ನಿಯಮದಂತೆ ಬೆಲೆ ತುಂಬಬೇಕು. ಎರಡರಲ್ಲಿ ಚಿಕ್ಕದನ್ನು ಆರಿಸುವ ಇನ್‌ಸ್ಟ್ರಕ್ಷನ್ ಕೂಡ ಹೀಗೇ. −0 ಮತ್ತು +0 ಕೊಟ್ಟರೆ ರಿಸ್ಕ್-ಫೈವ್ −0 ಅನ್ನೇ ಆರಿಸಬೇಕು. ಇಂಟೆಲ್‌ನ ಇನ್‌ಸ್ಟ್ರಕ್ಷನ್ ಎರಡನೆಯ ಸ್ಥಾನದಲ್ಲಿ ಯಾವುದಿದೆಯೋ ಅದನ್ನು ಎತ್ತಿಕೊಡುತ್ತದೆ.

ಈ ಎಲ್ಲದಕ್ಕೂ ಮುಂಚೆ ಒಂದು ಕೆಲಸ ಮಾಡಿ: ಟಾರ್ಗೆಟ್‌ನ ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್‌ಗಳನ್ನು ಸಿಮ್ಯುಲೇಟರ್‌ನಲ್ಲಿ ಫ್ಲೋಟ್ ಅಥವಾ ಡಬಲ್ ಎಂದು ಘೋಷಿಸಬೇಡಿ. 32 ಅಥವಾ 64 ಬಿಟ್‌ನ ಚಿಹ್ನೆಯಿಲ್ಲದ ಪೂರ್ಣಾಂಕಗಳಾಗಿಯೇ ಇಡಿ. ಹಳೆಯ 32 ಬಿಟ್ ಇಂಟೆಲ್ ಹೋಸ್ಟ್‌ನಲ್ಲಿ ಫ್ಲೋಟ್ ಅನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡಿದ ಮಾತ್ರಕ್ಕೇ ಬಳಸಿದರೆ ಫ್ಲ್ಯಾಗ್ ಎತ್ತುವ ಸಿಗ್ನಲಿಂಗ್ ನ್ಯಾನ್ ಸದ್ದಿಲ್ಲದೆ, ಫ್ಲ್ಯಾಗ್ ಎತ್ತದ ಕ್ವಯಟ್ ನ್ಯಾನ್ ಆಗಿಬಿಡುತ್ತದೆ. ರಿಸ್ಕ್-ಫೈವ್‌ನಲ್ಲಿ ಇನ್ನೊಂದು ಕಾರಣವೂ ಇದೆ. 64 ಬಿಟ್ ರಿಜಿಸ್ಟರ್‌ನಲ್ಲಿ 32 ಬಿಟ್ ಸಂಖ್ಯೆ ಇಟ್ಟಾಗ ಮೇಲಿನ 32 ಬಿಟ್‌ಗಳೂ 1 ಆಗಿರಬೇಕು. ಹಾಗಿಲ್ಲದಿದ್ದರೆ ಲೆಕ್ಕದ ಇನ್‌ಸ್ಟ್ರಕ್ಷನ್‌ಗಳು ಅದನ್ನು ನ್ಯಾನ್ ಎಂದೇ ಓದಬೇಕು. ಆದರೆ ಮೆಮೊರಿಗೆ ಬರೆಯುವ ಇನ್‌ಸ್ಟ್ರಕ್ಷನ್ ಕೆಳಗಿನ 32 ಬಿಟ್‌ಗಳನ್ನು ಇದ್ದ ಹಾಗೆಯೇ ಬರೆಯಬೇಕು. ಬಿಟ್‌ಗಳು ಕೈಯಲ್ಲಿದ್ದರೆ ಮಾತ್ರ ಈ ನಿಯಮ ಪಾಲಿಸಲು ಸಾಧ್ಯ.

ಪೂರ್ಣಾಂಕಗಳಿಂದಲೇ ಕಟ್ಟಿ

ದಾರಿ ಸರಳ. ಫ್ಲೋಟಿಂಗ್ ಪಾಯಿಂಟ್ ಲೆಕ್ಕವನ್ನು ಹೋಸ್ಟ್‌ನ ಪೂರ್ಣಾಂಕ ಲೆಕ್ಕದಿಂದ ಮಾಡುವುದು. ಪೂರ್ಣಾಂಕದ ಕೂಡಿಕೆ, ಬಿಟ್ ಸರಿಸುವಿಕೆ ಯಾವ ಹೋಸ್ಟ್‌ನಲ್ಲೂ ಬದಲಾಗುವುದಿಲ್ಲ. ಇದಕ್ಕೆ ಜಾನ್ ಹೌಸರ್ ಬರೆದ ಬರ್ಕ್ಲಿ ಸಾಫ್ಟ್‌ಫ್ಲೋಟ್ ಎಂಬ ಮುಕ್ತ ಲೈಬ್ರರಿ ಇದೆ. ರಿಸ್ಕ್-ಫೈವ್‌ನ ಸ್ಪೈಕ್ ಸಿಮ್ಯುಲೇಟರ್ ಅದನ್ನೇ ಬಳಸುತ್ತದೆ. ಕ್ಯೂಎಮು ಎಮ್ಯುಲೇಟರ್‌ನ ಫ್ಲೋಟಿಂಗ್ ಪಾಯಿಂಟ್ ಭಾಗ ಹುಟ್ಟಿದ್ದೂ ಅದರ ಹಳೆಯ ಆವೃತ್ತಿಯಿಂದ. ನ್ಯಾನ್ ನಿಯಮದಂಥ ಟಾರ್ಗೆಟ್‌ಗೊಂದರಂತೆ ಬದಲಾಗುವ ಸಂಗತಿಗಳನ್ನು ಅದರಲ್ಲಿ ಬೇರೆ ಫೋಲ್ಡರ್‌ಗಳಲ್ಲಿ ಇಟ್ಟಿದ್ದಾರೆ, ನಿಮಗೆ ಬೇಕಾದ್ದನ್ನು ಸೇರಿಸಿಕೊಂಡು ಕಂಪೈಲ್ ಮಾಡಬೇಕು. ಕೆಲಸ ಬೇಗ ಮುಗಿಯಬೇಕಿದ್ದವರು ಇದನ್ನೇ ತೆಗೆದುಕೊಳ್ಳಿ. ಕಲಿಯಬೇಕೆಂದಿರುವ ವಿದ್ಯಾರ್ಥಿಗಳು ಮಾತ್ರ ಒಮ್ಮೆಯಾದರೂ ಕೂಡಿಕೆಯನ್ನು ಕೈಯಾರೆ ಬರೆಯಬೇಕು. ಹಾರ್ಡ್‌ವೇರ್ ಯಾಕೆ ಹಾಗಿದೆ ಎಂಬುದು ಆಗಲೇ ಅರ್ಥವಾಗುವುದು.

32 ಬಿಟ್‌ನ ಸಿಂಗಲ್ ಸಂಖ್ಯೆಯಲ್ಲಿ 1 ಬಿಟ್ ಚಿಹ್ನೆಗೆ, 8 ಬಿಟ್ ಘಾತಕ್ಕೆ, 23 ಬಿಟ್ ಮ್ಯಾಂಟಿಸಾಗೆ. ಬರೆಯದೆ ಬಿಟ್ಟ ಮೊದಲ 1 ಅನ್ನೂ ಸೇರಿಸಿದರೆ ಮ್ಯಾಂಟಿಸಾ 24 ಬಿಟ್. ಕೂಡುವಾಗ ಮೊದಲು ಎರಡರ ಘಾತ ಸಮ ಮಾಡಬೇಕು, ಅಂದರೆ ಚಿಕ್ಕ ಸಂಖ್ಯೆಯ ಮ್ಯಾಂಟಿಸಾವನ್ನು ಬಲಕ್ಕೆ ಸರಿಸಬೇಕು. ಸರಿಸಿದಾಗ ಬಲಗಡೆಯಿಂದ ಬಿಟ್‌ಗಳು ಉದುರುತ್ತವೆ. ಉದುರಿದವನ್ನು ಮರೆತರೆ ರೌಂಡಿಂಗ್ ತಪ್ಪುತ್ತದೆ, ಎಲ್ಲವನ್ನೂ ಇಟ್ಟುಕೊಳ್ಳಲು ಜಾಗವಿಲ್ಲ. ಹಾರ್ಡ್‌ವೇರ್‌ನವರು ಕಂಡುಕೊಂಡ ಉಪಾಯವೆಂದರೆ ಮೂರೇ ಬಿಟ್ ಹೆಚ್ಚಿಗೆ ಇಡುವುದು: ಗಾರ್ಡ್, ರೌಂಡ್, ಸ್ಟಿಕ್ಕಿ. ಮೂರನೆಯದು ಅದರಾಚೆ ಉದುರಿದ ಎಲ್ಲ ಬಿಟ್‌ಗಳ ಸಾಕ್ಷಿ. ಅವುಗಳಲ್ಲಿ ಒಂದಾದರೂ 1 ಇದ್ದಿದ್ದರೆ ಇದೂ 1. ಸಾಫ್ಟ್‌ಫ್ಲೋಟ್‌ನಲ್ಲಿ ಇದೇ ಕೆಲಸ ಮಾಡುವ ಫಂಕ್ಷನ್‌ಗಳ ಹೆಸರಿನಲ್ಲಿ ‘ಜ್ಯಾಮ್’ ಎಂಬ ಪದ ಇರುತ್ತದೆ. ಉದುರಿದ್ದನ್ನೆಲ್ಲ ಕೊನೆಯ ಬಿಟ್‌ಗೆ ಒತ್ತಿ ಸೇರಿಸುವುದು ಎಂದು ಅರ್ಥ.

ಸ್ಟಿಕ್ಕಿ ಬಿಟ್ ಬಿಟ್ಟರೆ ಏನಾಗುತ್ತದೆ ಎಂದು ನೋಡಲು 1ಕ್ಕೆ 2⁻²⁴ + 2⁻⁴⁰ ಎಂಬ ಒಂದೇ ಸಂಖ್ಯೆಯನ್ನು ಕೂಡಿಸಿ. ಸಿಂಗಲ್‌ನಲ್ಲಿ 1ರ ನಂತರದ ಸಂಖ್ಯೆ 1 + 2⁻²³. 1 + 2⁻²⁴ ಇವೆರಡರ ಸರಿಯಾದ ನಡುಮಧ್ಯ. ಅಷ್ಟೇ ಇದ್ದಿದ್ದರೆ ಸಮ ಮ್ಯಾಂಟಿಸಾದ ಕಡೆಗೆ ವಾಲಿ ಉತ್ತರ 1 ಆಗುತ್ತಿತ್ತು. ಆದರೆ 2⁻⁴⁰ ಸೇರಿ ಮೊತ್ತ ನಡುವನ್ನು ದಾಟಿದೆ, ಉತ್ತರ 1 + 2⁻²³ ಆಗಲೇಬೇಕು. 2⁻⁴⁰ ಇದ್ದ ಸುದ್ದಿಯನ್ನು ಮುಟ್ಟಿಸುವುದು ಸ್ಟಿಕ್ಕಿ ಬಿಟ್ ಒಂದೇ.

ಉಳಿದ ಅಂಚುಗಳನ್ನು ಬೇಗ ಹೇಳಿಬಿಡುತ್ತೇನೆ. ರೌಂಡ್ ಮಾಡಿದ ಮೇಲೆ ಮ್ಯಾಂಟಿಸಾ ಉಕ್ಕಿ ಘಾತ ಒಂದು ಏರಬಹುದು, ಅದರಿಂದ ಅನಂತಕ್ಕೂ ಹೋಗಬಹುದು. ಸೊನ್ನೆಯ ಕಡೆಗೆ ರೌಂಡ್ ಮಾಡುವ ವಿಧಾನದಲ್ಲಿ ಅನಂತ ಬರುವುದಿಲ್ಲ, ಅತಿದೊಡ್ಡ ಸಂಖ್ಯೆಯೇ ನಿಲ್ಲುತ್ತದೆ. ಒಂದು ಸಂಖ್ಯೆಯಿಂದ ಅದನ್ನೇ ಕಳೆದರೆ +0. ಆದರೆ ಋಣ ಅನಂತದ ಕಡೆಗೆ ರೌಂಡ್ ಮಾಡುವಾಗ −0.

ಗುಣಿಸಿ ಕೂಡುವ ಎಫ್‌ಎಂಎ ಇನ್‌ಸ್ಟ್ರಕ್ಷನ್ ವಿಚಾರಕ್ಕೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಲ್ಲಿ ಜಾಣರೂ ಜಾರುತ್ತಾರೆ. 1990ರಲ್ಲಿ ಐಬಿಎಂನ ಆರ್‌ಎಸ್/6000 ಯಂತ್ರಗಳ ಮೂಲಕ ಬಳಕೆಗೆ ಬಂದ ಇದರಲ್ಲಿ ಗುಣಲಬ್ಧವನ್ನು ರೌಂಡ್ ಮಾಡದೆ ಮೂರನೆಯ ಸಂಖ್ಯೆಯನ್ನು ಕೂಡಿಸಿ, ಕೊನೆಗೆ ಒಂದೇ ಸಲ ರೌಂಡ್ ಮಾಡುತ್ತಾರೆ. ಸಿಂಗಲ್ ಲೆಕ್ಕಗಳನ್ನು ಹೋಸ್ಟ್‌ನ ಡಬಲ್‌ನಲ್ಲಿ ಮಾಡಿ ಆಮೇಲೆ ಸಿಂಗಲ್‌ಗೆ ಇಳಿಸುವುದು ಹಲವರ ಅಭ್ಯಾಸ. ಕೂಡು, ಕಳೆ, ಗುಣಿಸು, ಭಾಗಿಸು, ವರ್ಗಮೂಲಕ್ಕೆ ಇದು ಸಲ್ಲುತ್ತದೆ. ಡಬಲ್‌ನ 53 ಬಿಟ್ ಮ್ಯಾಂಟಿಸಾ 24ರ ಎರಡರಷ್ಟಕ್ಕಿಂತ ಇನ್ನೂ ಎರಡು ಬಿಟ್‌ಗೂ ಮೀರಿ ದೊಡ್ಡದಾದ್ದರಿಂದ ಎರಡು ಸಲದ ರೌಂಡಿಂಗ್ ಕೇಡು ಮಾಡುವುದಿಲ್ಲ ಎಂದು ಗಣಿತದಿಂದಲೇ ತೋರಿಸಿದ್ದಾರೆ. ಎಫ್‌ಎಂಎಗೆ ಮಾತ್ರ ಈ ರಕ್ಷಣೆ ಇಲ್ಲ.

ಕೈಲೆಕ್ಕವನ್ನೇ ಮಾಡಿ ನೋಡಿ. 1 + 2⁻¹² ಅನ್ನು ಅದರಿಂದಲೇ ಗುಣಿಸಿದರೆ 1 + 2⁻¹¹ + 2⁻²⁴. ಇದಕ್ಕೆ 2⁻⁸⁰ ಕೂಡಿಸಿ. ಮೊತ್ತ ಎರಡು ಸಿಂಗಲ್ ಸಂಖ್ಯೆಗಳ ನಡುಮಧ್ಯಕ್ಕಿಂತ ಕೂದಲೆಳೆಯಷ್ಟು ಮೇಲಿದೆ, ಹಾಗಾಗಿ ಸರಿಯುತ್ತರ 1 + 2⁻¹¹ + 2⁻²³. ಡಬಲ್‌ನಲ್ಲಿ ಮಾಡಿದರೆ 2⁻⁸⁰ ಮೊದಲ ರೌಂಡಿಂಗ್‌ನಲ್ಲೇ ಅಳಿಸಿಹೋಗುತ್ತದೆ; ಉಳಿದದ್ದು ಸರಿಯಾದ ನಡುಮಧ್ಯ; ಎರಡನೆಯ ರೌಂಡಿಂಗ್ ಅದನ್ನು ಸಮದ ಕಡೆಗೆ, ಅಂದರೆ 1 + 2⁻¹¹ಕ್ಕೆ ಇಳಿಸುತ್ತದೆ. ಈ ಮೂರು ಸಂಖ್ಯೆಗಳನ್ನು ನಿಮ್ಮ ಪರೀಕ್ಷೆಯ ಪಟ್ಟಿಯಲ್ಲಿ ಕಾಯಂ ಆಗಿ ಇಟ್ಟುಕೊಳ್ಳಿ.

ಇದರ ತಿರುಗುಮುರುಗೂ ಉಂಟು. ಆರ್ಮ್‌ನ ಹಳೆಯ ಗುಣಿಸಿ-ಕೂಡುವ ಇನ್‌ಸ್ಟ್ರಕ್ಷನ್ ಎರಡು ಸಲ ರೌಂಡ್ ಮಾಡುವಂಥದ್ದು. ಅದಕ್ಕಾಗಿ ನೀವು ಗುಣಿಸಿ ಕೂಡಿಸುವ ಸಾಲು ಬರೆದರೆ, ಎಫ್‌ಎಂಎ ಇರುವ ಹೋಸ್ಟ್‌ನಲ್ಲಿ ಜಿಸಿಸಿ ಕಂಪೈಲರ್ ತಾನಾಗಿಯೇ ಎರಡನ್ನೂ ಬೆಸೆದು ಒಂದೇ ಸಲ ರೌಂಡ್ ಮಾಡಿಬಿಡಬಹುದು. ಅದನ್ನು ತಡೆಯುವ ಎಫ್‌ಪಿ-ಕಾಂಟ್ರಾಕ್ಟ್ ಆಯ್ಕೆಯನ್ನು ‘ಆಫ್’ ಎಂದು ಕೊಡಬೇಕು. ಫಾಸ್ಟ್-ಮ್ಯಾತ್ ಆಯ್ಕೆಯನ್ನಂತೂ ಸಿಮ್ಯುಲೇಟರ್ ಹತ್ತಿರವೂ ಸುಳಿಯಗೊಡಬಾರದು. ಅದು ನ್ಯಾನ್ ಇಲ್ಲವೇ ಇಲ್ಲ ಎಂದು ಭಾವಿಸುತ್ತದೆ.

ಐದು ಫ್ಲ್ಯಾಗ್‌ಗಳು

ಉತ್ತರದ ಜೊತೆ ಐದು ಫ್ಲ್ಯಾಗ್ ಏಳುತ್ತವೆ: ಅರ್ಥವಿಲ್ಲದ ಲೆಕ್ಕ, ಸೊನ್ನೆಯಿಂದ ಭಾಗ, ಓವರ್‌ಫ್ಲೋ, ಅಂಡರ್‌ಫ್ಲೋ, ನಿಖರವಲ್ಲದ ಉತ್ತರ. ಒಮ್ಮೆ ಎದ್ದದ್ದು ಪ್ರೋಗ್ರಾಂ ಇಳಿಸುವವರೆಗೆ ಎದ್ದೇ ಇರುತ್ತದೆ. ಹೋಸ್ಟ್‌ನ ಫ್ಲ್ಯಾಗ್‌ಗಳನ್ನೇ ಓದಿಕೊಳ್ಳುತ್ತೇನೆ ಎಂದರೆ ಎರಡು ತೊಡಕು. ಒಂದು, ರೌಂಡಿಂಗ್ ವಿಧಾನ ಬದಲಿಸುವ ಕರೆಯ ಆಚೆಗೂ ಈಚೆಗೂ ಕಂಪೈಲರ್ ಲೆಕ್ಕಗಳನ್ನು ಸರಿಸಬಲ್ಲದು. ಜಿಸಿಸಿಗೆ ರೌಂಡಿಂಗ್-ಮ್ಯಾತ್ ಆಯ್ಕೆ ಕೊಟ್ಟು ಎಚ್ಚರಿಸಬೇಕಾಗುತ್ತದೆ. ಎರಡು, ಅಂಡರ್‌ಫ್ಲೋ ಏಳುವ ನಿಯಮವೇ ಒಂದಲ್ಲ. ಸಿಂಗಲ್‌ನ ಅತಿಚಿಕ್ಕ ಸಾಮಾನ್ಯ ಸಂಖ್ಯೆ 2⁻¹²⁶. ನಿಜವಾದ ಉತ್ತರ ಅದಕ್ಕಿಂತ ತುಸುವೇ ಕಡಿಮೆ ಇದ್ದು, ರೌಂಡ್ ಮಾಡಿದಾಗ ಸರಿಯಾಗಿ 2⁻¹²⁶ ಆಯಿತು ಎನ್ನಿ. ಆರ್ಮ್ ರೌಂಡ್ ಮಾಡುವ ಮೊದಲೇ ಅಳೆಯುತ್ತದೆ, ಫ್ಲ್ಯಾಗ್ ಎತ್ತುತ್ತದೆ. ರಿಸ್ಕ್-ಫೈವ್ ಮತ್ತು ಇಂಟೆಲ್ ರೌಂಡ್ ಮಾಡಿದ ನಂತರ ಅಳೆಯುತ್ತವೆ, ಎತ್ತದೇ ಇರಬಹುದು. ಉತ್ತರದ ಬಿಟ್‌ಗಳು ಒಂದೇ, ಫ್ಲ್ಯಾಗ್ ಬೇರೆ.

ಇನ್‌ಸ್ಟ್ರಕ್ಷನ್‌ಗಳನ್ನು ಕ್ರಮ ತಪ್ಪಿಸಿ ಓಡಿಸುವ ಪ್ರೊಸೆಸರ್‌ನ ಮಾದರಿಯಲ್ಲಿ ಇನ್ನೊಂದು ಎಚ್ಚರಿಕೆ. ತಪ್ಪು ಊಹೆಯ ದಾರಿಯಲ್ಲಿ ಓಡಿ ಆಮೇಲೆ ರದ್ದಾದ ಭಾಗಾಕಾರ ಎತ್ತಿದ ಫ್ಲ್ಯಾಗ್ ಹೊರಗೆ ಕಾಣಿಸಬಾರದು. ಪ್ರತಿ ಇನ್‌ಸ್ಟ್ರಕ್ಷನ್ ತನ್ನ ಐದು ಬಿಟ್‌ಗಳನ್ನು ತನ್ನ ಜೊತೆಯಲ್ಲೇ ಹೊತ್ತು, ಕಮಿಟ್ ಆಗುವಾಗ ಮಾತ್ರ ಮುಖ್ಯ ರಿಜಿಸ್ಟರ್‌ಗೆ ಸೇರಿಸಲಿ. ಫ್ಲ್ಯಾಗ್ ಓದುವ ಇನ್‌ಸ್ಟ್ರಕ್ಷನ್ ಅದಕ್ಕಿಂತ ಹಿಂದಿನ ಫ್ಲೋಟಿಂಗ್ ಪಾಯಿಂಟ್ ಕೆಲಸಗಳೆಲ್ಲ ಮುಗಿಯುವವರೆಗೆ ಕಾಯಬೇಕು. ಆ ಕಾಯುವಿಕೆಗೂ ಸೈಕಲ್ ಲೆಕ್ಕ ಹಿಡಿಯಬೇಕು.

ಸಮಯದ ಮಾದರಿ

ಇಲ್ಲಿಂದ ಎರಡನೆಯ ಕೆಲಸ. ಪ್ರತಿ ಬಗೆಯ ಲೆಕ್ಕಕ್ಕೂ ಮೂರು ಸಂಖ್ಯೆ ಬೇಕು. ಕೆಲಸ ಕೊಟ್ಟಾಗಿನಿಂದ ಉತ್ತರ ಸಿಗುವವರೆಗಿನ ಲೇಟೆನ್ಸಿ; ಒಂದೇ ಘಟಕಕ್ಕೆ ಒಂದು ಕೆಲಸ ಕೊಟ್ಟ ಮೇಲೆ ಮುಂದಿನದನ್ನು ಕೊಡುವವರೆಗಿನ ಅಂತರ; ಅಂಥ ಘಟಕಗಳು ಎಷ್ಟು. ಇಂಟೆಲ್‌ನ ಸ್ಕೈಲೇಕ್‌ನಲ್ಲಿ ಕೂಡು, ಗುಣಿಸು, ಎಫ್‌ಎಂಎ ಮೂರಕ್ಕೂ ಲೇಟೆನ್ಸಿ 4 ಸೈಕಲ್, ಆದರೆ ಪ್ರತಿ ಸೈಕಲ್‌ಗೂ ಎರಡು ಹೊಸ ಕೆಲಸ ಶುರು ಮಾಡಬಹುದು. ಅದಕ್ಕೂ ಹಿಂದಿನ ಹ್ಯಾಸ್‌ವೆಲ್‌ನಲ್ಲಿ ಕೂಡಲು 3, ಗುಣಿಸಲು ಮತ್ತು ಎಫ್‌ಎಂಎಗೆ 5.

ಜೆಮ್5 ಸಿಮ್ಯುಲೇಟರ್ ಬಳಸುವವರು ಕ್ರಮ ತಪ್ಪಿಸಿ ಓಡಿಸುವ ಅದರ ಒ3 ಮಾದರಿಯಲ್ಲಿ ಈ ಸಂಖ್ಯೆಗಳನ್ನು ಒಂದು ಪೈಥಾನ್ ಫೈಲ್‌ನಲ್ಲಿ ಕಾಣಬಹುದು. ಅದರಲ್ಲಿ ಮೊದಲೇ ಬರೆದಿರುವುದು ಹೀಗಿದೆ: ಕೂಡಲು 2 ಸೈಕಲ್, ಅಂಥ ಘಟಕ 4, ಗುಣಿಸಲು 4, ಗುಣಿಸಿ ಕೂಡಲು 5, ಭಾಗಿಸಲು 12, ವರ್ಗಮೂಲಕ್ಕೆ 24, ಇವಕ್ಕೆಲ್ಲ ಸೇರಿ ಘಟಕ 2, ಭಾಗಾಕಾರ ಮತ್ತು ವರ್ಗಮೂಲ ಪೈಪ್‌ಲೈನ್ ಇಲ್ಲದವು. ಇವು ಯಾವ ನಿರ್ದಿಷ್ಟ ಚಿಪ್‌ನ ಅಳತೆಯೂ ಅಲ್ಲ. ಆದರೂ ಇವನ್ನು ಹಾಗೆಯೇ ಇಟ್ಟುಕೊಂಡು ಓಡಿಸಿ, ಬಂದ ಅಂಕಿಗಳನ್ನು ಪ್ರಾಜೆಕ್ಟ್ ವರದಿಯಲ್ಲಿ ಹಾಕುವುದು ಸಾಮಾನ್ಯವಾಗಿಬಿಟ್ಟಿದೆ. ಫ್ಲೋಟಿಂಗ್ ಪಾಯಿಂಟ್ ತುಂಬಿದ ಪ್ರೋಗ್ರಾಂ ಓಡಿಸುವಿರಾದರೆ ಮೊದಲು ತೆರೆಯಬೇಕಾದ ಫೈಲ್ ಅದು.

ಪೈಪ್‌ಲೈನ್ ಹೌದೋ ಅಲ್ಲವೋ ಎಂಬ ಒಂದೇ ಗುರುತು ಸಾಲದ ಸಂದರ್ಭಗಳೂ ಇವೆ. ಎಂಐಪಿಎಸ್ ಆರ್4000ರಲ್ಲಿ ಕೂಡಲು 4 ಸೈಕಲ್, ಆದರೆ ಮುಂದಿನ ಕೂಡಿಕೆಗೆ 3 ಸೈಕಲ್ ಕಾಯಬೇಕು. ಗುಣಿಸಲು 8, ಅಂತರ 4. ಭಾಗಿಸಲು 36, ಅಂತರ 35. ಒಳಗಿನ ಹಂತಗಳನ್ನು ಬೇರೆ ಬೇರೆ ಲೆಕ್ಕಗಳು ಹಂಚಿಕೊಂಡಿದ್ದರಿಂದ ಹೀಗೆ. ಹೌದು-ಅಲ್ಲ ಎಂಬ ಗುರುತಿನಿಂದ 8 ಮತ್ತು 4ರ ಜೋಡಿಯನ್ನು ಹೇಳಲು ಬರುವುದಿಲ್ಲ. ಜೆಮ್5ರ ಮೈನರ್ ಮಾದರಿಯಲ್ಲಿ ಅಂತರಕ್ಕೆಂದೇ ಬೇರೆ ಸಂಖ್ಯೆ ಇದೆ, ಅಲ್ಲಿ ತೊಂದರೆಯಿಲ್ಲ. ಒ3ರಲ್ಲಿ ಒಂದು ಉಪಾಯವೆಂದರೆ ಪೈಪ್‌ಲೈನ್ ಇಲ್ಲದ, 8 ಸೈಕಲ್‌ನ ಎರಡು ಘಟಕ ಇಡುವುದು. ಸರಾಸರಿ ನಾಲ್ಕು ಸೈಕಲ್‌ಗೆ ಒಂದು ಗುಣಾಕಾರ ಸಿಗುತ್ತದೆ. ಆದರೆ ಎರಡು ಬೆನ್ನುಬೆನ್ನಿಗೆ ಶುರುವಾಗಬಲ್ಲವು, ನಿಜವಾದ ಯಂತ್ರದಲ್ಲಿ ಅದು ಆಗದು. ಅಂದಾಜು ಎಲ್ಲಿ ಸೋಲುತ್ತದೆ ಎಂದು ಗೊತ್ತಿದ್ದು ಬಳಸಿದರೆ ತಪ್ಪಿಲ್ಲ.

ಭಾಗಾಕಾರದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಸ್ಕೈಲೇಕ್‌ನಲ್ಲಿ ಡಬಲ್ ಭಾಗಾಕಾರದ ಲೇಟೆನ್ಸಿ 13–14 ಸೈಕಲ್, ಆದರೆ 4 ಸೈಕಲ್‌ಗೊಂದು ಹೊಸದು ಶುರುವಾಗುತ್ತದೆ. ಪೈಪ್‌ಲೈನ್ ಇಲ್ಲದ 12 ಸೈಕಲ್‌ನ ಒಂದು ಘಟಕದಿಂದ ಅದನ್ನು ಅನುಕರಿಸಿದರೆ, ಒಂದಕ್ಕೊಂದು ಸಂಬಂಧವಿಲ್ಲದ ಭಾಗಾಕಾರಗಳು ಮೂರು ಪಟ್ಟು ನಿಧಾನವಾಗುತ್ತವೆ. ಲೇಟೆನ್ಸಿ ಮಾತ್ರ ಹತ್ತಿರ ಹತ್ತಿರ ಸರಿಯಾಗಿಯೇ ಕಾಣುತ್ತದೆ.

ಹಾಗಾಗಿ ಅಳತೆಯನ್ನು ಎರಡು ಬಗೆಯಲ್ಲಿ ಮಾಡಲೇಬೇಕು. ಒಂದರ ಉತ್ತರ ಇನ್ನೊಂದಕ್ಕೆ ಬೇಕಾಗುವ ಸರಪಳಿ ಒಂದು. ಒಂದಕ್ಕೊಂದು ಸಂಬಂಧವಿಲ್ಲದ ಲೆಕ್ಕಗಳ ಸಾಲು ಇನ್ನೊಂದು. ಒಂದೇ ಮೊತ್ತಕ್ಕೆ ಮತ್ತೆ ಮತ್ತೆ ಕೂಡಿಸುತ್ತ ಹೋಗುವ ಲೂಪ್ ಬರೆದು ಅಳೆದರೆ, 4 ಸೈಕಲ್‌ನ ಘಟಕ ಪೈಪ್‌ಲೈನ್ ಆಗಿದ್ದರೂ ಸುತ್ತಿಗೆ 4 ಸೈಕಲ್, ಆಗಿರದಿದ್ದರೂ 4 ಸೈಕಲ್. ಮಾದರಿಯಲ್ಲಿ ನಾಲ್ಕು ಪಟ್ಟು ತಪ್ಪಿದ್ದರೂ ಈ ಪರೀಕ್ಷೆಗೆ ಅದು ಕಾಣುವುದೇ ಇಲ್ಲ. ಅದೇ ಲೂಪ್‌ನಲ್ಲಿ ಮೊತ್ತಗಳನ್ನು ಎರಡು, ನಾಲ್ಕು, ಎಂಟು ಮಾಡುತ್ತ ಬನ್ನಿ. ಸ್ಕೈಲೇಕ್‌ನಲ್ಲಿ 4 ಸೈಕಲ್, ಸೈಕಲ್‌ಗೆ 2 ಎಫ್‌ಎಂಎ, ಅಂದರೆ 8 ಬೇರೆ ಮೊತ್ತಗಳಾಗುವವರೆಗೆ ವೇಗ ಏರುತ್ತಲೇ ಹೋಗುತ್ತದೆ, ಹ್ಯಾಸ್‌ವೆಲ್‌ನಲ್ಲಿ 10. ಏರಿಕೆ ಎಲ್ಲಿ ನಿಂತಿತು ಎಂಬುದನ್ನು ನಿಜವಾದ ಯಂತ್ರದಲ್ಲೂ ಸಿಮ್ಯುಲೇಟರ್‌ನಲ್ಲೂ ಹೋಲಿಸಿದರೆ ಮೂರೂ ಸಂಖ್ಯೆಗಳ ಬಗ್ಗೆ ಒಟ್ಟಿಗೆ ತಿಳಿಯುತ್ತದೆ.

ಅಳೆಯುವಾಗ ಯಾವ ಸಂಖ್ಯೆ ಕೊಡುತ್ತೀರಿ ಎಂಬುದೂ ಮುಖ್ಯ. 1ನ್ನು 1ರಿಂದ ಭಾಗಿಸುತ್ತ ಕೂತರೆ ಕೆಲವು ಭಾಜಕ ಘಟಕಗಳು ಬೇಗನೆ ಮುಗಿಸಿ ಎದ್ದುಬಿಡುತ್ತವೆ, ನಿಮಗೆ ಸಿಗುವುದು ಅತಿ ಕಡಿಮೆ ಲೇಟೆನ್ಸಿ. ಗುಣಾಕಾರದ ಸರಪಳಿ ಹೋಗಹೋಗುತ್ತ 2⁻¹²⁶ಕ್ಕಿಂತ ಕೆಳಗಿಳಿದು ಸಬ್‌ನಾರ್ಮಲ್ ಆದರೆ, ಹಲವು ಇಂಟೆಲ್ ಪ್ರೊಸೆಸರ್‌ಗಳಲ್ಲಿ ಮೈಕ್ರೋಕೋಡ್ ನೆರವಿಗೆ ಬಂದು ಒಂದೊಂದು ಲೆಕ್ಕಕ್ಕೂ ನೂರಕ್ಕೂ ಹೆಚ್ಚು ಸೈಕಲ್ ಹಿಡಿಯುತ್ತದೆ. ಇಂಥ ಕಡೆ ಸಮಯ ಬೆಲೆಯನ್ನು ಅವಲಂಬಿಸಿದೆ. ಲೆಕ್ಕ ಮಾಡುತ್ತಲೇ ಓಡುವ ಸಿಮ್ಯುಲೇಟರ್‌ಗೆ ಬೆಲೆ ಕೈಯಲ್ಲೇ ಇರುತ್ತದೆ. ಮೊದಲೇ ದಾಖಲಿಸಿದ ಟ್ರೇಸ್ ಓದಿ ಓಡುವ ಸಿಮ್ಯುಲೇಟರ್‌ಗೆ ಇರುವುದಿಲ್ಲ. ಟ್ರೇಸ್ ಬರೆಯುವಾಗಲೇ ‘ಇದು ಸಬ್‌ನಾರ್ಮಲ್’ ಎಂದು ಒಂದು ಗುರುತು ಹಾಕಿಟ್ಟುಕೊಳ್ಳಬೇಕು.

ಭಾಗಾಕಾರದ ಲೇಟೆನ್ಸಿ ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿದಿದ್ದರೆ, ಇನ್ನೂ ತಯಾರಾಗದ ಚಿಪ್‌ಗೂ ಒಳ್ಳೆಯ ಅಂದಾಜು ಹಾಕಬಹುದು. ಮೂಲ ಪೆಂಟಿಯಂ ಪ್ರತಿ ಸುತ್ತಿಗೆ ಭಾಗಲಬ್ಧದ 2 ಬಿಟ್ ಕೊಡುವ ಎಸ್‌ಆರ್‌ಟಿ ವಿಧಾನ ಬಳಸಿತ್ತು. ಅದರ ಭಾಗಾಕಾರಕ್ಕೆ ಸಿಂಗಲ್‌ನಲ್ಲಿ 19, ಡಬಲ್‌ನಲ್ಲಿ 33, ವಿಸ್ತೃತ ರೂಪದಲ್ಲಿ 39 ಸೈಕಲ್. ಮ್ಯಾಂಟಿಸಾಗಳು 24, 53, 64 ಬಿಟ್; ಎರಡರಿಂದ ಭಾಗಿಸಿದರೆ ಸುತ್ತುಗಳು 12, 27, 32. ಮೂರರಲ್ಲೂ ಉಳಿಯುವುದು 6 ಅಥವಾ 7 ಸೈಕಲ್, ಅದು ಬಿಚ್ಚುವ, ರೌಂಡ್ ಮಾಡುವ, ಜೋಡಿಸುವ ಖರ್ಚು. ಸುತ್ತಿಗೆ 4 ಬಿಟ್ ಕೊಡುವ ಘಟಕವಾದರೆ ಸುತ್ತುಗಳು ಅರ್ಧವಾಗುತ್ತವೆ, ಮೇಲಿನ ಖರ್ಚು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಗುಣಾಕಾರದಿಂದಲೇ ಭಾಗಾಕಾರ ಸಾಧಿಸುವ ಪ್ರೊಸೆಸರ್‌ಗಳೂ ಇವೆ. ಎಎಂಡಿ ಕೆ7 ಅಂಥದ್ದು. ಅದರ ಮಾದರಿಯಲ್ಲಿ ಭಾಗಾಕಾರ ನಡೆಯುವಾಗ ಗುಣಾಕಾರದ ಘಟಕ ಆಗಾಗ ತುಂಬಿರುತ್ತದೆ ಎಂಬುದನ್ನೂ ತೋರಿಸಬೇಕು.

ಪರೀಕ್ಷೆ

ಆ ಪೆಂಟಿಯಂನದೇ ಭಾಗಾಕಾರದ ದೋಷ ಇಲ್ಲಿ ನೆನೆಯತಕ್ಕದ್ದು. 1994ರಲ್ಲಿ ಅಮೆರಿಕದ ಗಣಿತಜ್ಞ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ವಿಲೋಮಗಳನ್ನು ಕೂಡಿಸುವಾಗ ಅದನ್ನು ಕಂಡುಹಿಡಿದರು. ಭಾಗಲಬ್ಧದ ಮುಂದಿನ ಅಂಕಿ ಆರಿಸುವ ಕೋಷ್ಟಕದಲ್ಲಿ 2 ಇರಬೇಕಾಗಿದ್ದ ಐದು ಮನೆಗಳಲ್ಲಿ 0 ಇತ್ತು. 4195835 ಅನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು, ಆ ಚಿಪ್ 1.33374 ಕೊಡುತ್ತಿತ್ತು. ಇಂಟೆಲ್ ಅದಕ್ಕಾಗಿ 47.5 ಕೋಟಿ ಡಾಲರ್ ಖರ್ಚು ತೋರಿಸಬೇಕಾಯಿತು. ಯಾದೃಚ್ಛಿಕ ಭಾಗಾಕಾರಗಳಲ್ಲಿ 900 ಕೋಟಿಗೆ ಒಮ್ಮೆ ಮಾತ್ರ ಇದು ತಲೆಹಾಕುತ್ತದೆ ಎಂದು ಇಂಟೆಲ್ ಆಗ ಹೇಳಿತ್ತು. ಸಿಮ್ಯುಲೇಟರ್ ಬರೆಯುವವರು ಈ ಮಾತನ್ನು ತಿರುಗಿಸಿ ಓದಬೇಕು: ಯಾದೃಚ್ಛಿಕ ಸಂಖ್ಯೆಗಳಿಂದ ಪರೀಕ್ಷಿಸಿದರೆ ಇಂಥ ತಪ್ಪು ಸಿಗುವುದಿಲ್ಲ.

ಸಿಂಗಲ್ ಸಂಖ್ಯೆಗಳ ಎಲ್ಲ ಜೋಡಿಗಳನ್ನೂ ನೋಡಿಬಿಡೋಣ ಎಂದರೆ 2⁶⁴ ಜೋಡಿಗಳಿವೆ. ಸೆಕೆಂಡಿಗೆ 100 ಕೋಟಿ ನೋಡಿದರೂ 580 ವರ್ಷಕ್ಕಿಂತ ಹೆಚ್ಚು ಬೇಕು. ಆದರೆ ಕೋಡ್ ಬರೆಯುವಾಗ ಘಾತದ ಮತ್ತು ಮ್ಯಾಂಟಿಸಾದ ಅಗಲವನ್ನು 8, 23 ಎಂದು ಗಟ್ಟಿಮಾಡದೆ ಬದಲಿಸಬಹುದಾದ ಸಂಖ್ಯೆಗಳಾಗಿ ಇಟ್ಟರೆ ದಾರಿ ತೆರೆಯುತ್ತದೆ. 16 ಬಿಟ್‌ನ ಹಾಫ್ ರೂಪದಲ್ಲಿ ಜೋಡಿಗಳು 2³², ಅಂದರೆ ಸುಮಾರು 429 ಕೋಟಿ. ಒಂದು ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಎಲ್ಲವನ್ನೂ ನೋಡಿ ಮುಗಿಸಬಹುದು. ಸಿಂಗಲ್‌ನ ವರ್ಗಮೂಲಕ್ಕೆ ಒಳಬರುವುದು ಒಂದೇ ಸಂಖ್ಯೆಯಾದ್ದರಿಂದ ಅದನ್ನೂ ಪೂರ್ತಿ ನೋಡಬಹುದು. ಉಳಿದದ್ದಕ್ಕೆ ಹೌಸರ್ ಅವರದೇ ಟೆಸ್ಟ್‌ಫ್ಲೋಟ್ ಇದೆ. ಅದು 2ರ ಘಾತಗಳ ಆಸುಪಾಸು, ಉದ್ದಕ್ಕೂ 1ಗಳೇ ಇರುವ ಮ್ಯಾಂಟಿಸಾ, ಅಂಚಿನ ಘಾತ ಹೀಗೆ ತಪ್ಪುಗಳು ಅಡಗುವ ಜಾಗಗಳನ್ನೇ ಹುಡುಕಿ ಹುಡುಕಿ ಸಂಖ್ಯೆ ಕೊಡುತ್ತದೆ, ಫ್ಲ್ಯಾಗ್‌ಗಳನ್ನೂ ಹೋಲಿಸುತ್ತದೆ. ಎಲ್ಲ ರೌಂಡಿಂಗ್ ವಿಧಾನಗಳಲ್ಲೂ ಓಡಿಸಿ. ಒಂದರಲ್ಲಿ ಗೆದ್ದು ಇನ್ನೊಂದರಲ್ಲಿ ಬೀಳುವ ಕೋಡ್ ಬೇಕಾದಷ್ಟಿದೆ.

ವೇಗ

ಪೂರ್ಣಾಂಕದಿಂದ ಕಟ್ಟಿದ ಲೆಕ್ಕ ನಿಧಾನ ಎಂಬ ದೂರು ನಿಜ. ಆದರೆ ಸೈಕಲ್ ಸೈಕಲ್ ಎಣಿಸುವ ಸಿಮ್ಯುಲೇಟರ್‌ನಲ್ಲಿ ಕ್ಯಾಶ್, ಶೆಡ್ಯೂಲರ್ ಮುಂತಾದವುಗಳ ಅನುಕರಣೆಯೇ ಅದಕ್ಕಿಂತ ಬಹಳ ಭಾರ, ಅಲ್ಲಿ ಈ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಸಮಯ ಎಣಿಸದೆ ಓಡುವ ಎಮ್ಯುಲೇಟರ್‌ನಲ್ಲಿ ಮಾತ್ರ ಇದು ಹೊರೆ. 2019ರಲ್ಲಿ ಬಂದ ಕ್ಯೂಎಮು 4.0 ಇದಕ್ಕೆ ಚೆಂದದ ಪರಿಹಾರ ತಂದಿತು. ಐದರಲ್ಲಿ ಅತಿ ಹೆಚ್ಚು ಏಳುವ ಫ್ಲ್ಯಾಗ್ ‘ನಿಖರವಲ್ಲ’ ಎಂಬುದು. ಅದು ಈಗಾಗಲೇ ಎದ್ದಿದ್ದರೆ ಮತ್ತೆ ಪತ್ತೆ ಮಾಡುವ ಅಗತ್ಯವಿಲ್ಲ. ರೌಂಡಿಂಗ್ ವಿಧಾನ ಸಾಮಾನ್ಯದ್ದೇ ಆಗಿ, ಒಳಬರುವ ಸಂಖ್ಯೆಗಳು ಸೊನ್ನೆ ಅಥವಾ ಸಾಮಾನ್ಯ ಸಂಖ್ಯೆಗಳಾಗಿದ್ದರೆ (ಭಾಗಾಕಾರದಲ್ಲಿ ಭಾಜಕ ಸೊನ್ನೆಯಾಗಿರಬಾರದು, ವರ್ಗಮೂಲದಲ್ಲಿ ಸಂಖ್ಯೆ ಋಣವಾಗಿರಬಾರದು) ಹೋಸ್ಟ್‌ನಲ್ಲೇ ಲೆಕ್ಕ ಮಾಡಿಸಿ. ಉತ್ತರ ಅನಂತವಾದರೆ ಓವರ್‌ಫ್ಲೋ ಎತ್ತಿ. ಉತ್ತರ ತೀರಾ ಚಿಕ್ಕದಾದರೆ ಹಳೆಯ ದಾರಿಗೇ ಮರಳಿ. ನ್ಯಾನ್ ಈ ಅಡ್ಡದಾರಿಗೆ ಬರುವುದೇ ಇಲ್ಲ, ಹಾಗಾಗಿ ಮೇಲೆ ಹೇಳಿದ ಚಿಹ್ನೆಯ ತಕರಾರೂ ಇಲ್ಲ. ಇದನ್ನು ಹಾಕಿಕೊಳ್ಳುವುದಾದರೆ ಮೊದಲು ಪೂರ್ಣಾಂಕದ ದಾರಿ ಪೂರ್ತಿ ಪರೀಕ್ಷೆಯಾಗಿರಲಿ, ಆಮೇಲೆ ಎರಡೂ ದಾರಿಗಳ ಉತ್ತರ ಹೋಲಿಸುವ ಒಂದು ಸ್ವಿಚ್ ಇರಲಿ.

ಅಗಲ ಬದಲಿಸಬಹುದಾದ ಕೋಡ್ ಬರೆದವರಿಗೆ ಕೃತಕ ಬುದ್ಧಿಮತ್ತೆಯ ಚಿಪ್‌ಗಳ ಹೊಸ ಚಿಕ್ಕ ರೂಪಗಳು ಸುಲಭವಾಗಿ ಒಗ್ಗುತ್ತವೆ. ಬಿಫ್ಲೋಟ್16ರಲ್ಲಿ ಘಾತ 8 ಬಿಟ್, ಮ್ಯಾಂಟಿಸಾ 7 ಬಿಟ್. ಆ ಎರಡು ಸಂಖ್ಯೆ ಬದಲಿಸಿದರೆ ಸಾಕು. 8 ಬಿಟ್‌ನ ರೂಪಗಳಲ್ಲಿ ಎಲ್ಲ ಜೋಡಿಗಳೂ ಸೇರಿ 65,536 ಮಾತ್ರ, ಪೂರ್ತಿ ಪರೀಕ್ಷೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಒಂದನ್ನು ಮಾತ್ರ ಗಮನಿಸಿ. 4 ಬಿಟ್ ಘಾತ, 3 ಬಿಟ್ ಮ್ಯಾಂಟಿಸಾದ ಇ4ಎಂ3 ರೂಪದಲ್ಲಿ ಅನಂತವೇ ಇಲ್ಲ. ಘಾತವೆಲ್ಲ 1 ಆಗಿದ್ದರೂ ಹೆಚ್ಚಿನವು ಸಾಮಾನ್ಯ ಸಂಖ್ಯೆಗಳೇ, ಅತಿದೊಡ್ಡದು 448. ಮ್ಯಾಂಟಿಸಾವೂ ಎಲ್ಲ 1 ಆದಾಗ ಮಾತ್ರ ನ್ಯಾನ್. ‘ಘಾತವೆಲ್ಲ 1 ಆದರೆ ಅನಂತ ಅಥವಾ ನ್ಯಾನ್’ ಎಂಬ ಪರೀಕ್ಷೆಯನ್ನು ಕೋಡ್‌ನ ಹತ್ತು ಕಡೆ ಚೆಲ್ಲದೆ ಒಂದೇ ಫಂಕ್ಷನ್‌ನಲ್ಲಿ ಇಟ್ಟಿದ್ದರೆ ಅಲ್ಲೊಂದೇ ಕಡೆ ತಿದ್ದಿದರಾಯಿತು.